ಹಳೆ ಕಾರು ಕೊಂಡು ಲಾಭಕ್ಕೆ ಮಾರುವವರಿಗೆ ಒಂದು ಬಹಿರಂಗ ಪತ್ರ

ಹಳೆ ಕಾರುಗಳನ್ನು ಅಗ್ಗಕ್ಕೆ ಕೊಂಡು, ಒಂದೆರಡು ತಿಂಗಳಲ್ಲೇ ಜಾಸ್ತಿ ಬೆಲೆಗೆ ಮಾರುವ ಗೆಳೆಯರೇ,

ನಿಮ್ಮನ್ನು ಬೈಯಬೇಕು ಅಂತ ಈ ಪತ್ರ ಬರೆಯುತ್ತಿಲ್ಲ. ನಿಮ್ಮಲ್ಲಿ ಕೆಲವರನ್ನು ನಾನು ಬಲ್ಲೆ. ಒಳ್ಳೆಯ ಕೈಕೆಲಸ ಗೊತ್ತಿರುವವರು, ಕಾರಿನ ಬಗ್ಗೆ ರಾತ್ರಿಯಿಡೀ ಮಾತಾಡಬಲ್ಲವರು. ಆದರೆ ಹಳೆ ಕಾರಿನ ಹುಚ್ಚಿರುವವರು ನಾಲ್ಕು ಜನ ಸೇರಿದರೆ ನಿಮ್ಮ ಮಾತು ಬಂದೇ ಬರುತ್ತದೆ. ‘ಇವರಿಂದಲೇ ಬೆಲೆ ಹಾಳಾಯಿತು’ ಅಂತ ಒಬ್ಬರು ಸಿಡುಕುತ್ತಾರೆ. ‘ಅವರ ದುಡ್ಡು, ಅವರ ಇಷ್ಟ, ನಿಮಗೇನು?’ ಅಂತ ಇನ್ನೊಬ್ಬರು ಬಾಯಿ ಮುಚ್ಚಿಸುತ್ತಾರೆ. ಎರಡೂ ಮಾತು ನನಗೆ ಅರೆಬರೆ ಅನ್ನಿಸುತ್ತವೆ. ಲಾಭ ಮಾಡಿದಿರಿ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಆ ಲಾಭ ಎಲ್ಲಿಂದ ಹುಟ್ಟಿತು ಅಂತ ಕೇಳುವುದಷ್ಟೇ ನನ್ನ ಉದ್ದೇಶ.

ಒಂದು ಸರಳ ಪರೀಕ್ಷೆ ಇದೆ. ಕಾರನ್ನು ಮಾರುವಾಗ ನೀವು ಒಂದು ಜಾಹೀರಾತು ಬರೆಯುತ್ತೀರಿ ಅಲ್ವಾ? ‘ಅಪರೂಪದ ಮಾಡೆಲ್, ಮೂಲ ಎಂಜಿನ್, ಒಬ್ಬರೇ ಮಾಲೀಕರು, ಎಲ್ಲ ಕಾಗದ ಪತ್ರ ಇವೆ’ ಅಂತ. ಅದೇ ಜಾಹೀರಾತನ್ನು, ಅದೇ ಬೆಲೆಯ ಸಮೇತ, ಕಾರು ಕೊಂಡ ದಿನ ಆ ಮನೆಯ ಬಾಗಿಲಲ್ಲಿ ನಿಂತು ಮಾಲೀಕರಿಗೆ ಓದಿ ಹೇಳಬಲ್ಲಿರಾ? ಇನ್ನು, ಕಾರು ಕೊಂಡ ದಿನ ನೀವು ತೆಗೆದ ಫೋಟೋಗಳನ್ನು, ಆಗ ನೀವು ಎಣಿಸಿ ಹೇಳಿದ ಕೊರತೆಗಳನ್ನು, ಮುಂದೆ ಕೊಳ್ಳುವವರ ಕೈಗೆ ಕೊಡಬಲ್ಲಿರಾ? ಎರಡಕ್ಕೂ ಹೌದು ಅನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಉಳಿದವರ ಜೊತೆ ಸ್ವಲ್ಪ ಮಾತಾಡುವುದಿದೆ.

ಮೊದಲು ನಿಮಗೆ ಸಲ್ಲಬೇಕಾದ್ದು ಸಲ್ಲಲಿ. ಪ್ರತಿ ಕಾರಿಗೂ ಒಂದು ಕೆಟ್ಟ ಕಾಲ ಇರುತ್ತದೆ. ಹೊಸದು ಅನ್ನುವ ಮೋಹ ಹೋಗಿರುತ್ತದೆ, ಹಳೆಯದು ಅನ್ನುವ ಗೌರವ ಇನ್ನೂ ಬಂದಿರುವುದಿಲ್ಲ. ರಿಪೇರಿಯ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತದೆ. ಹೆಚ್ಚಿನ ಕಾರುಗಳು ಗುಜರಿಗೆ ಹೋಗುವುದು ಈ ಕಾಲದಲ್ಲೇ. ಫೆರಾರಿ 250 ಜಿಟಿಒ ಅನ್ನುವ ರೇಸ್ ಕಾರು ಕೂಡ ಇದನ್ನು ದಾಟಿಯೇ ಬಂದಿದ್ದು. 1962ರಿಂದ 1964ರವರೆಗೆ ತಯಾರಾಗಿದ್ದು 36 ಕಾರು ಮಾತ್ರ. 1960ರ ದಶಕದ ಕೊನೆಯ ಹೊತ್ತಿಗೆ ಅವು ರೇಸಿನಲ್ಲಿ ಗೆಲ್ಲಲಾರದ ಹಳೆ ಗಾಡಿಗಳು. ಕೆಲವೇ ಸಾವಿರ ಡಾಲರ್‌ಗೆ ಕೈ ಬದಲಾದವು. ಅಂಥದ್ದೇ ಒಂದು ಕಾರು 2018ರ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರ್‌ಗೆ ಹೋಯಿತು. ಬೆಲೆ ಏರಿದ ಮೇಲೆ ಅವುಗಳಿಗೆ ಸಿಗುವ ಆರೈಕೆಯೇ ಬೇರೆ. ಇದು ದುಬಾರಿ ಕಾರುಗಳ ಕಥೆ ಮಾತ್ರ ಅಲ್ಲ. ಎರಡು ಕೋಟಿಗೂ ಜಾಸ್ತಿ ತಯಾರಾದ ಫೋಕ್ಸ್‌ವ್ಯಾಗನ್ ಬೀಟಲ್‌ಗೂ ಇವತ್ತು ಬಿಡಿಭಾಗ ಸಿಗುತ್ತದೆ ಅಂದರೆ, ಅದನ್ನು ಕೊಳ್ಳುವವರು ಇನ್ನೂ ಇದ್ದಾರೆ ಅಂತ ಅರ್ಥ. ಮಾರುಕಟ್ಟೆ ಇಲ್ಲದಿದ್ದರೆ ಬಾಗಿಲಿನ ರಬ್ಬರನ್ನು ಹೊಸದಾಗಿ ಮಾಡುವವರು ಯಾರು?

ಶೆಡ್ಡಿನಲ್ಲಿ ಕೊಳೆಯುತ್ತಿದ್ದ ಕಾರನ್ನು ನೀವು ಹೊರಗೆ ಎಳೆಯುತ್ತೀರಿ. ಅಂಟಿಕೊಂಡ ಎಂಜಿನ್ ಬಿಡಿಸುತ್ತೀರಿ. ಸಿಗದ ಭಾಗ ಹುಡುಕುತ್ತೀರಿ. ಮಾರಾಟವಾಗದೆ ಉಳಿದರೆ ನಷ್ಟ ನಿಮ್ಮದೇ. ಈ ಕೆಲಸಕ್ಕೆ, ಈ ಅಪಾಯಕ್ಕೆ ಕೂಲಿ ಬೇಡವಾ? ಬೇಕು. ಅದಕ್ಕೆ ಎಷ್ಟು ಬೇಕಾದರೂ ಕೇಳಿ, ಕೊಡುವವರು ಕೊಡುತ್ತಾರೆ.

ನನ್ನ ಮಾತು ಇರುವುದು ನೀವು ಕಾರು ಕೊಳ್ಳುವ ಆ ಮನೆಬಾಗಿಲಿನ ಬಗ್ಗೆ. ತುಂಬಾ ಸಲ ಅಲ್ಲಿ ನಿಂತಿರುವವರು ಕಾರಿನ ಮಾಲೀಕರಲ್ಲ. ಮಾಲೀಕರು ತೀರಿಕೊಂಡಿರುತ್ತಾರೆ. ಹೆಂಡತಿಯೋ ಮಗನೋ ಮನೆ ಖಾಲಿ ಮಾಡುತ್ತಿರುತ್ತಾರೆ. ಅವರಿಗೆ ಆ ಕಾರು ಅಂದರೆ ಅಪ್ಪ ಭಾನುವಾರವಿಡೀ ಅದರ ಕೆಳಗೆ ಮಲಗಿರುತ್ತಿದ್ದರು ಅನ್ನುವ ನೆನಪು, ಜೊತೆಗೆ ಜಾಗ ತಿನ್ನುವ ಒಂದು ಕಬ್ಬಿಣ. ಚಾಸಿ ನಂಬರ್ ನೋಡಿ ಅದು ಯಾವ ವರ್ಷದ್ದು, ಎಷ್ಟು ಅಪರೂಪದ್ದು ಅಂತ ನಿಮಗೆ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಅವರಿಗೆ ತಿಳಿಯುವುದಿಲ್ಲ. ಆಗ ನಿಮ್ಮ ಬಾಯಿಂದ ಏನು ಬರುತ್ತದೆ?

ಈ ಪ್ರಶ್ನೆ ಕಾರಿಗಿಂತ ತುಂಬಾ ಹಳೆಯದು. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಚಿಂತಕ ಸಿಸೆರೋ ಇದೇ ಮಾತನ್ನು ಎತ್ತಿಕೊಂಡಿದ್ದ. ರೋಡ್ಸ್ ದ್ವೀಪದಲ್ಲಿ ಬರ. ಅಲೆಕ್ಸಾಂಡ್ರಿಯಾದಿಂದ ಒಬ್ಬ ವ್ಯಾಪಾರಿ ಹಡಗಿನ ತುಂಬಾ ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಹಡಗುಗಳು ಬರುತ್ತಿವೆ ಅಂತ ಅವನಿಗೆ ಗೊತ್ತು, ಊರವರಿಗೆ ಗೊತ್ತಿಲ್ಲ. ಹೇಳಬೇಕಾ, ಸುಮ್ಮನಿದ್ದು ಜಾಸ್ತಿ ಬೆಲೆಗೆ ಮಾರಬೇಕಾ? ಕಾನೂನು ಕೇಳಿದಷ್ಟು ಹೇಳಿದರೆ ಸಾಕು ಅಂದವನು ಬ್ಯಾಬಿಲೋನಿನ ತತ್ವಜ್ಞಾನಿ ಡಯೋಜಿನೀಸ್. ಗೊತ್ತಿದ್ದದ್ದನ್ನೆಲ್ಲ ಹೇಳಲೇಬೇಕು ಅಂದವನು ಅವನದೇ ಶಿಷ್ಯ ಆಂಟಿಪೇಟರ್. ಸಿಸೆರೋ ಶಿಷ್ಯನ ಕಡೆ ನಿಂತ. ನನಗೆ ಆಂಟಿಪೇಟರ್ ಸ್ವಲ್ಪ ಜಾಸ್ತಿಯೇ ಕಟ್ಟುನಿಟ್ಟು ಅನ್ನಿಸುತ್ತಾನೆ. ತಿಳಿದದ್ದನ್ನೆಲ್ಲ ಮೊದಲೇ ಹೇಳಬೇಕು ಅಂದರೆ ಓದಿ, ಅಲೆದು, ಕಣ್ಣು ಪಳಗಿಸಿಕೊಂಡವನಿಗೆ ಏನು ಸಿಕ್ಕಿತು?

ನಿಮ್ಮ ವ್ಯವಹಾರಕ್ಕೆ ಇನ್ನೂ ಹತ್ತಿರದ್ದು ಅಮೆರಿಕದ ಒಂದು ತೀರ್ಪು. 1815ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಆರ್ಗನ್ ಅನ್ನುವ ವ್ಯಾಪಾರಿ ಬೆಳಬೆಳಗ್ಗೆ ತಂಬಾಕು ಕೊಳ್ಳಲು ಹೋದ. ಬ್ರಿಟನ್ ಜೊತೆಗಿನ ಯುದ್ಧ ಮುಗಿದ ಸುದ್ದಿ ಅವನ ಕಿವಿಗೆ ಬಿದ್ದಿತ್ತು, ಮಾರುವವರಿಗೆ ಇನ್ನೂ ತಲುಪಿರಲಿಲ್ಲ. ಬೆಲೆ ಏರುವಂಥ ಸುದ್ದಿ ಏನಾದರೂ ಇದೆಯಾ ಅಂತ ಅವರು ಕೇಳಿದ್ದರು. ವ್ಯಾಪಾರ ಕುದುರಿತು, ಸುದ್ದಿ ಹರಡಿತು, ಬೆಲೆ ಶೇ 30ರಿಂದ 50ರಷ್ಟು ಏರಿತು. 1817ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಕೊಳ್ಳುವವನು ತನಗೆ ಗೊತ್ತಿರುವುದನ್ನು ತಾನಾಗಿ ಹೇಳಬೇಕಾಗಿಲ್ಲ. ನೀವೆಲ್ಲ ಇಷ್ಟನ್ನೇ ಹಿಡಿದುಕೊಳ್ಳುತ್ತೀರಿ. ಆದರೆ ತೀರ್ಪು ಅಲ್ಲಿಗೆ ಮುಗಿದಿರಲಿಲ್ಲ. ಎದುರಿನವನಿಗೆ ಮೋಸವಾಗುವಂತೆ ಏನನ್ನೂ ಹೇಳಬಾರದು, ಮಾಡಬಾರದು ಅಂತಲೂ ಕೋರ್ಟ್ ಹೇಳಿತು. ಅಂಥದ್ದು ನಡೆದಿತ್ತೋ ಇಲ್ಲವೋ ಅಂತ ನೋಡಲು ಮೊಕದ್ದಮೆಯನ್ನು ವಾಪಸ್ ಕಳಿಸಿತು.

ಗೆರೆಯನ್ನು ನಾನೂ ಅಲ್ಲೇ ಎಳೆಯುತ್ತೇನೆ, ಬಾಗಿಲಿನ ಹತ್ತಿರ ಇನ್ನೂ ಒಂದು ಹೆಜ್ಜೆ ಈಚೆಗೆ. ಮಾರುವವರೂ ವ್ಯಾಪಾರಿಯಾದರೆ, ಇಲ್ಲವೇ ಕಾರಿನ ಬಗ್ಗೆ ಬಲ್ಲವರಾದರೆ, ನೀವು ಬಾಯಿ ಬಿಡಬೇಕಾಗಿಲ್ಲ. ಕಣ್ಣಿದ್ದವರು ಗೆಲ್ಲಲಿ. ಆದರೆ ಏನೂ ತಿಳಿಯದವರು ನಿಮ್ಮ ಮುಖ ನೋಡಿ ‘ಇದಕ್ಕೆ ಎಷ್ಟು ಬರಬಹುದು? ನೀವೇ ಹೇಳಿ’ ಅಂದರಲ್ಲ, ಆಗ ಅವರು ನಿಮ್ಮನ್ನು ನಂಬಿ ಸಲಹೆ ಕೇಳಿದರು. ಹೇಳಲು ಇಷ್ಟವಿಲ್ಲದಿದ್ದರೆ ‘ಬೇರೆಯವರನ್ನು ಕೇಳಿ, ನಾನು ಕೊಳ್ಳುವವನು’ ಅನ್ನಿ. ಅಷ್ಟರಿಂದ ನಿಮ್ಮ ತಲೆಯೇನೂ ಹೋಗುವುದಿಲ್ಲ. ‘ಗುಜರಿಗೆ ಹಾಕಿದರೆ ಸಿಗುವುದಕ್ಕಿಂತ ಜಾಸ್ತಿ ಕೊಡುತ್ತಿದ್ದೇನೆ’ ಅಂದರೆ ಮಾತ್ರ ಅದು ವ್ಯಾಪಾರದ ಜಾಣತನ ಅಲ್ಲ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ, ನಿಜ. ಆದರೂ ಅದನ್ನು ಹೇಳಿದ್ದು ಏತಕ್ಕೆ ಅಂತ ನಿಮಗೇ ಗೊತ್ತು.

ನಿಜ ಬೆಲೆಯ ಅರ್ಧವೂ ಸಿಗದೆ ಜಮೀನು ಮಾರಿದವನು ವ್ಯಾಪಾರ ಮುರಿಯಬಹುದು ಅಂತ ಹಳೆ ರೋಮನ್ ಕಾನೂನಿನಲ್ಲಿ ಇತ್ತು. ಕೊಂಡವನು ಬಾಕಿ ಹಣ ತುಂಬಿಕೊಟ್ಟರೆ ಉಳಿಸಿಕೊಳ್ಳಬಹುದು. ಅದೇ ನಿಯಮದ ಒಂದು ರೂಪ ಆಸ್ಟ್ರಿಯಾದ ಸಿವಿಲ್ ಕಾನೂನಿನಲ್ಲಿ ಇವತ್ತಿಗೂ ಇದೆ. ಎಲ್ಲ ಕಡೆಯೂ ಇಂಥ ಕಾನೂನು ಬರಲಿ ಅಂತ ನಾನು ಕೇಳುತ್ತಿಲ್ಲ. ಅರ್ಧ ಅನ್ನುವ ಲೆಕ್ಕ ಮಾತ್ರ ನನಗೆ ಹಿಡಿಸಿತು. ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವೆ ನೀವು ಕಾರು ತೊಳೆದದ್ದು ಬಿಟ್ಟು ಬೇರೇನೂ ನಡೆದಿಲ್ಲ, ಬೆಲೆ ಮಾತ್ರ ಎರಡು ಪಟ್ಟಾಗಿದೆ ಅಂದರೆ, ಒಂದು ಸಲ ನಿಂತು ಯೋಚಿಸುವುದು ಒಳ್ಳೆಯದು.

ಇದಕ್ಕಿಂತ ನನಗೆ ಜಾಸ್ತಿ ಕಿರಿಕಿರಿ ಮಾಡುವುದು ಬೇರೆ ಒಂದು ಇದೆ. ಹಳೆ ಕಾರು ಮಾರುವ ಎಷ್ಟೋ ಜನ ಬೆಲೆಯನ್ನು ಬೇಕಂತಲೇ ಇಳಿಸುತ್ತಾರೆ. ‘ಚೆನ್ನಾಗಿ ನೋಡಿಕೊಳ್ಳುವವರ ಕೈಗೆ ಹೋದರೆ ಸಾಕು’ ಅನ್ನುತ್ತಾರೆ. ಜಾಸ್ತಿ ಕೊಡುತ್ತೇನೆ ಅಂದವರನ್ನು ಬಿಟ್ಟು, ಕಾರಿನ ಬಗ್ಗೆ ಪ್ರೀತಿಯಿಂದ ಮಾತಾಡಿದವರಿಗೆ ಕೊಡುತ್ತಾರೆ. ಇದು ನಿಮಗೆ ಗೊತ್ತಿದೆ. ಅದಕ್ಕೇ ಅಲ್ವಾ, ಕೆಲವರು ಹೋಗುವಾಗ ಮಗುವನ್ನು ಕರೆದುಕೊಂಡು ಹೋಗುವುದು? ‘ನಮ್ಮ ತಂದೆಯ ಹತ್ತಿರ ಇಂಥದ್ದೇ ಇತ್ತು, ಎಷ್ಟು ವರ್ಷದಿಂದ ಹುಡುಕುತ್ತಿದ್ದೆ’ ಅನ್ನುವುದು? ಆ ರಿಯಾಯಿತಿ ಅವರು ಕಾರಿಗೆ ಕೊಟ್ಟದ್ದು. ನಿಮ್ಮ ಜೇಬಿಗೆ ಕೊಟ್ಟದ್ದಲ್ಲ. ಒಂದು ವಾರದೊಳಗೆ ಅದೇ ಕಾರು, ಅದೇ ನಂಬರ್ ಪ್ಲೇಟ್, ಎರಡರಷ್ಟು ಬೆಲೆಗೆ ಮಾರಾಟಕ್ಕೆ ಬಂದಿದ್ದನ್ನು ಅವರು ನೋಡುತ್ತಾರೆ. ಅವರಿಗೆ ಹಣ ಹೋಯಿತು ಅನ್ನುವುದಕ್ಕಿಂತ ‘ನನ್ನನ್ನು ನಗಿಸಿ, ನಂಬಿಸಿ ಹೋದರು’ ಅನ್ನುವುದೇ ಜಾಸ್ತಿ ನೋಯುತ್ತದೆ. ಆಮೇಲೆ ಅವರ ಪರಿಚಯದಲ್ಲಿ ಇನ್ನೊಂದು ಹಳೆ ಕಾರು ಇದ್ದರೆ ಅದು ಯಾರ ಕೈಗೂ ಬರುವುದಿಲ್ಲ. ನಿಜವಾಗಿಯೂ ಮನೆಯಲ್ಲಿ ಇಟ್ಟುಕೊಳ್ಳಬೇಕು ಅಂತ ಬರುವ ಹುಡುಗನನ್ನೂ ಅವರು ಅನುಮಾನದಿಂದಲೇ ನೋಡುತ್ತಾರೆ.

‘ಇದು ಮಾರುವುದಕ್ಕೇ ಕೊಳ್ಳುತ್ತಿದ್ದೇನೆ’ ಅಂತ ಬಾಯಿಬಿಟ್ಟು ಹೇಳಿ ನೋಡಿ. ಕೆಲವರು ಒಪ್ಪುವುದಿಲ್ಲ. ಆದರೆ ತುಂಬಾ ಜನ ಒಪ್ಪುತ್ತಾರೆ. ಅವರಿಗೆ ಶೆಡ್ ಖಾಲಿಯಾಗಬೇಕು. ನೋಡಲು ಬರುವ ಹತ್ತು ಜನರಿಗೆ ಉತ್ತರ ಕೊಡುವ ತಾಳ್ಮೆ ಇರುವುದಿಲ್ಲ. ಅವರ ತಲೆನೋವನ್ನು ಇಳಿಸಿದ್ದಕ್ಕೆ ಸಿಗುವ ಕಡಿಮೆ ಬೆಲೆ ನಿಮ್ಮ ನ್ಯಾಯದ ಸಂಪಾದನೆ.

ಇನ್ನು ಆ ಕಡೆಯ ಬಾಗಿಲು, ಅಂದರೆ ನೀವು ಕಾರು ಮಾರುವ ಕಡೆ. ಅಲ್ಲಿ ತಿಳಿಯದವರು ಕೊಳ್ಳುವವರು.

ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡುವುದಕ್ಕೆ ದಿನಗಟ್ಟಲೆ ಬೇಕು. ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆಯುವುದಕ್ಕೆ ಒಂದು ಸಂಜೆ ಸಾಕು. ಅಯಸ್ಕಾಂತ ಹಿಡಿದರೆ ಪುಟ್ಟಿ ಗೊತ್ತಾಗುತ್ತದೆ, ಕಬ್ಬಿಣಕ್ಕೆ ಅಂಟಿದ ಹಾಗೆ ಅಲ್ಲಿ ಅಂಟುವುದಿಲ್ಲ. ಆದರೆ ಮೊದಲ ಸಲ ಹಳೆ ಕಾರು ಕೊಳ್ಳುವವರು ಅಯಸ್ಕಾಂತ ಹಿಡಿದುಕೊಂಡು ಬರುವುದಿಲ್ಲ. ಕೆಳಗಡೆ ದಪ್ಪಗೆ ಕಪ್ಪು ಕೋಟಿಂಗ್ ಹೊಡೆದಿದ್ದರೆ ‘ಎಷ್ಟು ನೀಟಾಗಿದೆ’ ಅನ್ನುತ್ತಾರೆ. ಹೊಸದಾಗಿ ಬಳಿದ ಆ ಕಪ್ಪಿನ ಹಿಂದೆ ಏನಿದೆ ಅಂತ ಕೇಳಬೇಕು ಅನ್ನುವುದು ಹೊಳೆಯುವುದಿಲ್ಲ. ಟೈರಿನ ಗೀರು ಸವೆಯದೆ ಆಳವಾಗಿದ್ದರೆ ಹೊಸದು ಅಂದುಕೊಳ್ಳುತ್ತಾರೆ. ಪಕ್ಕದಲ್ಲಿ ಒತ್ತಿರುವ ನಾಲ್ಕಂಕಿ, ಯಾವ ವಾರ ಯಾವ ವರ್ಷ ತಯಾರಾಯಿತು ಅಂತ ಹೇಳುವ ಅಂಕಿ, ಅವರ ಕಣ್ಣಿಗೆ ಬೀಳುವುದಿಲ್ಲ. ಐದೇ ಅಂಕಿಯ ಮೀಟರ್ 99,999 ದಾಟಿದರೆ ಮತ್ತೆ ಸೊನ್ನೆಗೆ ಬರುತ್ತದೆ. ಹಾಗೆ ಒಂದು ಸುತ್ತು ಬಂದ ಕಾರನ್ನು ‘ಕಡಿಮೆ ಓಡಿದ್ದು’ ಅಂದರೆ ಅವರು ನಂಬುತ್ತಾರೆ. ಮೀಟರ್ ಹಿಂದಕ್ಕೆ ತಿರುಗಿಸುವುದನ್ನು ಅಮೆರಿಕ 1972ರಲ್ಲೇ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಮಾಡಿ ನಿಷೇಧಿಸಿತು. ತಾನಾಗಿ ಸುತ್ತು ಬಂದ ಮೀಟರಿನ ಮುಂದೆ ಸುಮ್ಮನಿರುವುದು ಅದಕ್ಕೆ ಅಣ್ಣತಮ್ಮ.

ನೋಡಲು ಹೊಳೆಯುವ ಈ ಕಾರಿನಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಹೋಗುತ್ತಾರೆ ಅನ್ನುವುದನ್ನು ಮರೆಯಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಪೈಪುಗಳು ಒಳಗಿನಿಂದಲೇ ತುಕ್ಕು ಹಿಡಿಯುತ್ತವೆ. 1960ರ ದಶಕದ ಎಷ್ಟೋ ಕಾರುಗಳಲ್ಲಿ ಇರುವುದು ಒಂದೇ ಬ್ರೇಕ್ ಸರ್ಕ್ಯೂಟ್. ಒಂದು ಕಡೆ ಸೋರಿದರೆ ನಾಲ್ಕು ಚಕ್ರಕ್ಕೂ ಬ್ರೇಕ್ ಇಲ್ಲ. ಇಲ್ಲಿ ಲಾಭ ನಷ್ಟದ ಮಾತೇ ಬರಬಾರದು. ಬಣ್ಣಕ್ಕೆ ಖರ್ಚು ಮಾಡಿ ಬ್ರೇಕಿಗೆ ಖರ್ಚು ಮಾಡದವರ ಜೊತೆ ನನಗೆ ವಾದ ಮಾಡುವ ಮನಸ್ಸೂ ಇಲ್ಲ.

ನಂಬರುಗಳ ಆಟ ಇನ್ನೊಂದು. ಚಾಸಿ ನಂಬರಿನ ಜೊತೆ ಕಾರ್ಖಾನೆಯಿಂದ ಬಂದ ಅದೇ ಎಂಜಿನ್ ಇದ್ದರೆ ಬೆಲೆ ಜಾಸ್ತಿ. ಹಾಗಾಗಿ ಬೇರೆ ಎಂಜಿನ್ನಿನ ನಂಬರನ್ನು ಉಜ್ಜಿ ತೆಗೆದು ಹೊಸದಾಗಿ ಒತ್ತುವವರಿದ್ದಾರೆ. ಫೋಕ್ಸ್‌ವ್ಯಾಗನ್ನಿನ ಹಳೆ ವ್ಯಾನುಗಳಲ್ಲಿ ಕಿಟಕಿ ಜಾಸ್ತಿ ಇರುವುದಕ್ಕೆ ಬೆಲೆ ಜಾಸ್ತಿ ಅಂತ, ಸಾದಾ ವ್ಯಾನಿನ ತಗಡು ಕೊರೆದು ಕಿಟಕಿ ಇಡುವವರೂ ಇದ್ದಾರೆ. ಕೊರೆದದ್ದು ತಪ್ಪು ಅನ್ನಲಾರೆ, ಅವರವರ ವ್ಯಾನು. ಕೊರೆದದ್ದನ್ನು ಹೇಳದೆ ಮಾರಿದ್ದು ವಂಚನೆ.

ಹೀಗೆ ಕೊಂಡು ಮಾರುವ ಭರದಲ್ಲಿ ಕಾರಿಗೇ ಆಗುವ ನಷ್ಟವೂ ಒಂದಿದೆ. ಮಾತು ಕಡಿಮೆ ಬರುವುದು ಇದರ ಬಗ್ಗೆ. ಹಳೆ ಬಣ್ಣ ಮಾಸಿದೆ, ಸೀಟು ಸವೆದಿದೆ, ಆದರೆ ಎಲ್ಲವೂ ಕಾರ್ಖಾನೆಯಿಂದ ಬಂದದ್ದೇ. ಬೇಗ ಮಾರಾಟವಾಗಲಿ ಅಂತ ಅದನ್ನೆಲ್ಲ ಕಿತ್ತು ಥಳಥಳ ಮಾಡುತ್ತೀರಿ. ಆಮೇಲೆ ಆ ಬಣ್ಣ ವಾಪಸ್ ಬರುವುದಿಲ್ಲ. 1966ರಲ್ಲಿ ಹುಟ್ಟಿದ ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫಿವಾ’ ಟ್ಯೂರಿನ್ ಚಾರ್ಟರ್ ಅಂತ ಒಂದು ಒಪ್ಪಂದ ಮಾಡಿಕೊಂಡಿದೆ. ಉಳಿಸಿಕೊಳ್ಳುವುದಕ್ಕೆ ಮೊದಲ ಜಾಗ, ಬದಲಿಸುವುದು ಆದಷ್ಟು ಕಡಿಮೆ, ಮಾಡಿದ ಕೆಲಸದ ದಾಖಲೆ ಇರಬೇಕು ಅನ್ನುವುದು ಅದರ ತಿರುಳು. ಇದರಲ್ಲಿ ನಷ್ಟವೇನೂ ಇಲ್ಲ. 2015ರಲ್ಲಿ ಪ್ಯಾರಿಸ್‌ನಲ್ಲಿ ಬೈಯೋನ್ ಸಂಗ್ರಹದ ಹರಾಜು ನಡೆಯಿತು. ಫ್ರಾನ್ಸಿನ ಶೆಡ್ಡುಗಳಲ್ಲಿ ದಶಕಗಟ್ಟಲೆ ಬಿದ್ದಿದ್ದ ಕಾರುಗಳು, ಧೂಳಿನ ಸಮೇತ ಹರಾಜಿಗೆ ಬಂದವು. ಹಳೆ ಪತ್ರಿಕೆಗಳ ರಾಶಿಯ ಕೆಳಗಿದ್ದ ಒಂದು ಫೆರಾರಿ ಕ್ಯಾಲಿಫೋರ್ನಿಯಾ ಸ್ಪೈಡರ್ ಒಂದು ಕೋಟಿ 60 ಲಕ್ಷ ಯೂರೋ ದಾಟಿತು. (ಈಗ ಕೆಲವರು ಕಾರಿನ ಮೇಲೆ ಧೂಳನ್ನು ತಾವೇ ಹಾಕಿ ‘ಶೆಡ್ಡಿನಲ್ಲಿ ಸಿಕ್ಕಿದ್ದು’ ಅಂತ ಮಾರುತ್ತಾರೆ. ಅವರಿಗೆ ಏನು ಹೇಳುವುದೋ ಗೊತ್ತಿಲ್ಲ.)

ಬೆಲೆ ಏರುವುದಕ್ಕೆ ನೀವೇ ಕಾರಣ ಅನ್ನುವ ದೂರನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೊಳ್ಳುವವರು ಇಲ್ಲದೆ ಬೆಲೆ ಏರುವುದಿಲ್ಲ. ಆದರೆ ಒಬ್ಬರಿಂದ ಒಬ್ಬರಿಗೆ ಬರೀ ಮರುಮಾರಾಟಕ್ಕೆ ಕಾರು ಹೋಗುತ್ತಿದ್ದರೆ ಏನಾಗುತ್ತದೆ ಅಂತ 1980ರ ದಶಕದ ಕೊನೆಯಲ್ಲಿ ನೋಡಿದ್ದಾಗಿದೆ. ಫೆರಾರಿ ಎಫ್40 ಬಂದಿದ್ದು 1987ರಲ್ಲಿ. 400 ಕಾರು ಮಾತ್ರ ಮಾಡುತ್ತಾರೆ ಅಂತ ಜನ ಮುಗಿಬಿದ್ದರು. ಕೊನೆಗೆ ತಯಾರಾಗಿದ್ದು 1,300ಕ್ಕೂ ಜಾಸ್ತಿ. ಜಾಗ್ವಾರ್ ಎಕ್ಸ್‌ಜೆ220 ಕಾರಿಗೆ 50,000 ಪೌಂಡ್ ಮುಂಗಡ ಕೊಟ್ಟು ಕಾದವರಲ್ಲಿ ಓಡಿಸುವವರಿಗಿಂತ ಮಾರುವ ಲೆಕ್ಕದವರು ಎಷ್ಟೋ ಜನ ಇದ್ದರು. ಕಾರು 1992ರಲ್ಲಿ ಕೈಗೆ ಬರುವ ಹೊತ್ತಿಗೆ ಮಾರುಕಟ್ಟೆ ಕುಸಿದಿತ್ತು. ಹೇಳಿದ್ದ ಹನ್ನೆರಡು ಸಿಲಿಂಡರಿನ ವಿ12 ಎಂಜಿನ್ ಬದಲು ಆರು ಸಿಲಿಂಡರಿನ ವಿ6 ಬಂದಿತ್ತು. ಎಂಜಿನ್ ನೆಪ ಹೇಳಿ ಒಪ್ಪಂದದಿಂದ ಜಾರಿಕೊಳ್ಳಲು ನೋಡಿದವರ ಜಗಳ ಕೋರ್ಟಿಗೆ ಹೋಯಿತು. ಕಂಪನಿಗಳೂ ಪಾಠ ಕಲಿತಿವೆ. ಎರಡು ವರ್ಷ ಮಾರುವಂತಿಲ್ಲ ಅಂತ ಜಿಟಿ ಕಾರಿಗೆ ಷರತ್ತು ಹಾಕಿದ ಫೋರ್ಡ್, 2017ರಲ್ಲಿ ಅದನ್ನು ಮುರಿದ ಒಬ್ಬ ಹೆಸರಾಂತ ಕುಸ್ತಿಪಟುವಿನ ಮೇಲೆ ಕೇಸ್ ಹಾಕಿತು. ಹಳೆ ಕಾರಿನ ಮನೆಯವರಿಗೆ ಫೋರ್ಡಿನ ವಕೀಲರು ಸಿಗುವುದಿಲ್ಲ. ಅದಕ್ಕೇ ಅವರ ಪರವಾಗಿ ಈ ಪತ್ರ.

‘ಇಷ್ಟೆಲ್ಲ ನೋಡುತ್ತಾ ಕೂತರೆ ವ್ಯಾಪಾರ ಆದ ಹಾಗೇ’ ಅನ್ನುತ್ತೀರಿ. ಆಗುತ್ತದೆ. ಹಾಗೆ ಮಾಡುವವರು ನಿಮ್ಮಲ್ಲೇ ಇದ್ದಾರೆ. ಹಳೆ ಕಾರಿನವರು ಅವರನ್ನೇ ಹುಡುಕಿಕೊಂಡು ಹೋಗುತ್ತಾರೆ. ಅವರಿಗೆ ಕಾರು ಹುಡುಕುವ ಕೆಲಸವೇ ಕಡಿಮೆ. ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿಗೆ ಮಾರಾಟವಾದರೆ ಹಳೆ ಮನೆಯವರಿಗೂ ಒಂದು ಪಾಲು ಕೊಡುತ್ತೇವೆ ಅಂತ ಮೊದಲೇ ಬರೆದುಕೊಡುವುದೂ ಸಾಧ್ಯ. ಆ ಮನೆಯ ಸರ್ವಿಸ್ ಪುಸ್ತಕ, ಬಿಲ್ಲು, ಹಳೆ ಫೋಟೋ, ಎಲ್ಲವೂ ಕಾರಿನ ಜೊತೆಗೇ ಮುಂದೆ ಹೋಗಲಿ. ಅವುಗಳನ್ನು ಬಿಡಿಸಿ ಬೇರೆ ಮಾರಬೇಡಿ.

ಮಾರುವ ಮನೆಯವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಮೊದಲು ಬಂದವರಿಗೇ ಕೊಡಬೇಡಿ. ಚಾಸಿ ನಂಬರ್ ಬರೆದುಕೊಂಡು, ಆ ಕಾರಿನ ಕ್ಲಬ್ಬಿನವರನ್ನು ಕೇಳಿ. ‘ಇಟ್ಟುಕೊಳ್ಳುತ್ತೀರಾ, ಮಾರುತ್ತೀರಾ?’ ಅಂತ ನೇರವಾಗಿ ಕೇಳಿ, ಉತ್ತರವನ್ನು ಕಾಗದದ ಮೇಲೆ ಪಡೆಯಿರಿ. ಇನ್ನು ಇವರಿಂದ ಕಾರು ಕೊಳ್ಳುವವರೇ, ನೀವು ‘ಕೊಂಡ ದಿನ ಹೇಗಿತ್ತು, ತೋರಿಸಿ’ ಅಂತ ಕೇಳಿ. ಫೋಟೋ ಇಲ್ಲ ಅಂದರೆ ಕಾರನ್ನು ಬಲ್ಲ ಮೆಕ್ಯಾನಿಕ್ ಲಿಫ್ಟಿಗೆ ಹಾಕಿ ನೋಡುವ ತನಕ ಮುಂಗಡ ಕೊಡಬೇಡಿ.

ಗೆಳೆಯರೇ, ನಿಮ್ಮಿಂದ ನಾನು ಕೇಳುವುದನ್ನು ಮುಂದಿನ ಕಾರಿನಿಂದಲೇ ಶುರು ಮಾಡಬಹುದು. ಜಾಹೀರಾತಿನಲ್ಲಿ ಕೊಂಡ ದಿನದ ಫೋಟೋಗಳನ್ನೂ ಹಾಕಿ. ತುಕ್ಕಿನ ಫೋಟೋ ಮೊದಲು ಬರಲಿ. ಏನು ಮಾಡಿದಿರಿ, ಏನು ಮಾಡಿಲ್ಲ ಅಂತ ಕೆಳಗೆ ಬರೆಯಿರಿ. ಆಮೇಲೆ ನಿಮ್ಮ ಬೆಲೆ ಹಾಕಿ.

ಇಂತಿ,
ಹಳೆ ಕಾರಿನ ಹುಚ್ಚಿರುವ ನಿಮ್ಮವನೇ ಒಬ್ಬ